ಮೂರು ಟ್ರಂಕು, ಎರಡು ಕೌದಿ: ಆರು ತಿಂಗಳು ಹೊದ್ದ ಮೇಲೆ ಬರೆಯುತ್ತಿದ್ದೇನೆ

ಇದು ಅಂಗಡಿಯ ವಿಮರ್ಶೆ ಅಲ್ಲ. ಯಾಕೆಂದರೆ ಅಂಗಡಿಯೇ ಇಲ್ಲ. ದಾವಣಗೆರೆಯ ವಿನೋಬನಗರದ ನಮ್ಮ ರಸ್ತೆಯಲ್ಲಿ ವಾರಕ್ಕೊಮ್ಮೆ "ಕೌದಿ ಹೊಲಿಸ್ತೀರೇನ್ರವ್ವೋ..." ಎಂದು ಕೂಗಿಕೊಂಡು ಬರುವ ಹೆಂಗಸೊಬ್ಬರಿದ್ದಾರೆ. ಕೌದಿ ಅಂದರೆ ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲಿ ಹೊಲಿದ ಹೊದಿಕೆ. ಬೋರ್ಡಿಲ್ಲ, ಬಿಲ್ಲಿಲ್ಲ, ಹೆಗಲಿಗೊಂದು ಚೀಲ ಅಷ್ಟೆ. ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ಕೌದಿ ಅಕ್ಕ ಎನ್ನುತ್ತೇವೆ. ಮೇ ತಿಂಗಳಲ್ಲಿ ಅವರಿಂದ ಎರಡು ಕೌದಿ ಹೊಲಿಸಿದೆ. ಒಂದು ಮಳೆಗಾಲ ಕಳೆಯಿತು, ಮೂರು ಸಲ ಒಗೆದದ್ದೂ ಆಯಿತು. ಇನ್ನು ಬರೆಯಬಹುದು.

ನಾನು ಹೈಸ್ಕೂಲಿನಲ್ಲಿ ಗಣಿತ ಟೀಚರ್. ಬೆಳಗ್ಗೆ ಐದೂವರೆಗೆ ಎದ್ದರೆ ಎಂಟೂವರೆಯೊಳಗೆ ತಿಂಡಿ, ಡಬ್ಬಿ, ಅತ್ತೆಯ ಮಾತ್ರೆ, ಮಗನ ಕಳೆದುಹೋದ ಸಾಕ್ಸು, ಎಲ್ಲ ಮುಗಿಯಬೇಕು. ಮನೆ ಮಾವನವರು ಕಟ್ಟಿಸಿದ್ದು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದಲ್ಲಿ ಅವರು ಕಾಟನ್ ಮಿಲ್ಲಿನಲ್ಲಿದ್ದರು. ಮಿಲ್ಲು ಮುಚ್ಚಿತು. ಮಾವನವರೂ ಹೋದರು. ಅವರ ಧೋತರಗಳು, ಅತ್ತೆಯ ಸೀರೆಗಳು ಮೂರು ಟ್ರಂಕು ತುಂಬಿ, ಮಿಕ್ಕಿದ್ದು ನನ್ನ ಬೀರುವಿಗೆ ಬಂದು ಸೇರಿತು. ಬೆಳಗಿನ ಗಡಿಬಿಡಿಯಲ್ಲಿ ನಾನು ಬೀರು ಬಾಗಿಲು ತೆಗೆದರೆ ಸಾಕು, ಯಾವುದೋ 80ರ ದಶಕದ ನೈಲೆಕ್ಸ್ ಸೀರೆ ನುಸಿಗುಳಿಗೆಯ ವಾಸನೆ ಸಮೇತ ತಲೆ ಮೇಲೆ ಬೀಳುತ್ತಿತ್ತು.

ಹೋದ ವರ್ಷ ಇದಕ್ಕೊಂದು ಪರಿಹಾರ ಅಂತ ಆನ್‌ಲೈನ್‌ನಲ್ಲಿ ಜಿಪ್ ಇರುವ ಬಟ್ಟೆ ಡಬ್ಬಿ ತರಿಸಿದೆ. ಆರು ಡಬ್ಬಿ, 1,149 ರೂಪಾಯಿ. ತಿಂಗಳೊಳಗೆ ಎರಡರ ಜಿಪ್ ಹೋಯಿತು. ಅದಿರಲಿ. ಎರಡು ಭಾನುವಾರ ಕೂತು ಗಂಟು ಬಿಚ್ಚಿದೆ, ಮಡಚಿದೆ, ಡಬ್ಬಿಗೆ ಹಾಕಿದೆ, ಮೇಲೆ ಚೀಟಿಯನ್ನೂ ಅಂಟಿಸಿದೆ. ಗಂಟಿನಲ್ಲಿದ್ದಾಗ 61 ಸೀರೆ ಇದ್ದವು, ಡಬ್ಬಿಯಲ್ಲೂ 61 ಇದ್ದವು. ಗಣಿತ ಟೀಚರಿಗೆ ಇಷ್ಟು ಗೊತ್ತಾಗಲು 1,149 ರೂಪಾಯಿ ಬೇಕಾಯಿತು.

ಯಾರಿಗಾದರೂ ಕೊಟ್ಟುಬಿಡೋಣ ಎಂದು ಅತ್ತೆಯನ್ನು ಕೇಳಿದ್ದೆ. "ಕೊಡವ್ವಾ, ಕೊಡು. ಹಂಗೇ ನನ್ನೂ ಕೊಟ್ಬಿಡು" ಅಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಮೇ ತಿಂಗಳು, ರಜೆ. ಕೌದಿ ಅಕ್ಕನ ಕೂಗು ಕೇಳಿ ಕರೆದವಳು ನಾನಲ್ಲ, ಅತ್ತೆಯೇ. ಕೌದಿ ಅಕ್ಕ ಜಗಲಿ ಮೇಲೆ ಕೂತು ಒಂದು ಚೊಂಬು ನೀರು ಕೇಳಿದರು. ಕುಡಿಯಲಿಕ್ಕೆ ಅಂದುಕೊಂಡೆ. ಅರ್ಧ ಕುಡಿದು, ಉಳಿದದ್ದನ್ನು ಪಕ್ಕಕ್ಕಿಟ್ಟುಕೊಂಡು, "ತಗಂಬರ್ರಿ ಎಲ್ಲಾನೂ" ಅಂದರು. ಒಂದೊಂದು ಸೀರೆಯನ್ನೂ ಬೆರಳ ನಡುವೆ ಉಜ್ಜಿ ನೋಡುವುದು. ಅನುಮಾನ ಬಂದರೆ ಒಂದು ಹನಿ ನೀರು ಹಾಕುವುದು. ಹನಿ ಕೂಡಲೇ ಇಂಗಿದರೆ ಬಲಕ್ಕೆ, ಮುತ್ತಿನ ಹಾಗೆ ನಿಂತರೆ ಎಡಕ್ಕೆ.

"ಇದು ನೀರು ಕುಡಿಯಲ್ಲ ಟೀಚರಮ್ಮ, ಬೆವರನ್ನೂ ಕುಡಿಯಲ್ಲ. ಕೌದಿಗೆ ಹಾಕಿದ್ರೆ ಒಳಗೊಳಗೇ ಜಾರ್ತೈತಿ."

ಒಂದು ಗಂಟೆಯೊಳಗೆ ಲೆಕ್ಕ ಸಿಕ್ಕಿತು. ರೇಷ್ಮೆ 9, ಹತ್ತಿ 14, ಸಿಂಥೆಟಿಕ್ 38. ಆ 38 ನೋಡಿ ಅತ್ತೆಗೇ ಆಶ್ಚರ್ಯ. "ಇಷ್ಟೊಂದು ಪ್ಲಾಸ್ಟಿಕ್ ಉಟ್ಟೀನಾ ನಾನು?" ಅಂದರು. ಆ ಒಂದು ಮಾತಿನ ಮೇಲೆ 33 ಸೀರೆ ಮನೆ ಬಿಟ್ಟವು. ಐದನ್ನು ಮಾತ್ರ ಏನೇನೋ ನೆಪ ಹೇಳಿ ಉಳಿಸಿಕೊಂಡರು. ನಾನು ತಕರಾರು ಮಾಡಲಿಲ್ಲ. ಆ 33 ಹೋದದ್ದು ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರ ಬುಟ್ಟಿಗೆ. ಬದಲಿಗೆ ಒಂದು ಬೋಗುಣಿ, ಎರಡು ತಟ್ಟೆ ಬಂದವು. ಈಗ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಜಾಗವಿಲ್ಲ. ಅದು ಬೇರೆ ಕಥೆ.

ರೇಷ್ಮೆಗೆ ಕೌದಿ ಅಕ್ಕ ಕೈ ಹಾಕಲಿಲ್ಲ. ಅದರಲ್ಲಿ ಅತ್ತೆಯ ಮದುವೆಯ ಮೊಳಕಾಲ್ಮೂರು ಸೀರೆಯೂ ಇತ್ತು. ಮಡಿಕೆಯ ಗೆರೆಯಲ್ಲೇ ಸೀಳು ಬಿಡಲು ಶುರುವಾಗಿತ್ತು. "ವರ್ಷಕ್ಕೆ ಎರಡು ಸಲ ಬಿಚ್ಚಿ ಬೇರೆ ಕಡೆ ಮಡಿಕೆ ಹಾಕ್ರಿ, ಹತ್ತಿ ಬಟ್ಟೇಲಿ ಸುತ್ತಿಡ್ರಿ" ಎಂದರು. ಇದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಹತ್ತಿ ಸೀರೆಯಲ್ಲಿ ಐದನ್ನು ದಿನಬಳಕೆಗೆ ಇಟ್ಟುಕೊಂಡು ಒಂಬತ್ತು ಕೊಟ್ಟೆವು. ಡಬಲ್ ಕೌದಿಗೆ ಐದು, ಸಿಂಗಲ್‌ಗೆ ನಾಲ್ಕು. ಇಷ್ಟೇ ಸಾಕಾ ಎಂದು ನನಗೆ ಅನುಮಾನ. ಲೆಕ್ಕ ಹಾಕಿದೆ. ಒಂದು ಸೀರೆ ಐದೂವರೆ ಮೀಟರ್ ಉದ್ದ, ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲ. ಅಂದರೆ ಸುಮಾರು 6 ಚದರ ಮೀಟರ್. ಐದಕ್ಕೆ 30. ಏಳಡಿಗೆ ಏಳೂವರೆ ಅಡಿಯ ಕೌದಿ ಅಂದರೆ 5 ಚದರ ಮೀಟರಿಗೆ ಸ್ವಲ್ಪ ಕಡಿಮೆ. ಆರು ಪದರ ಬರಬೇಕು. ಹೊಲಿದ ಮೇಲೆ ಅಂಚಿನಲ್ಲಿ ಎಣಿಸಿದೆ, ಆರೇ ಇತ್ತು. ಅವರು ಟೇಪು ಹಿಡಿದದ್ದನ್ನು ನಾನು ನೋಡಿಲ್ಲ. ಮೊಳ, ಗೇಣಿನಲ್ಲೇ ಎಲ್ಲ.

ಹೊಲಿದದ್ದು ನಮ್ಮ ಪಡಸಾಲೆಯಲ್ಲೇ, ಮಧ್ಯಾಹ್ನದ ಹೊತ್ತು. ಮೊದಲು ಸೀರೆಗಳ ದಪ್ಪ ಅಂಚನ್ನು ಬಿಡಿಸಿ ತೆಗೆದರು. ಅದು ಮೈಗೆ ಚುಚ್ಚುತ್ತದಂತೆ. ಕೆಳಗೆ ಅತ್ತೆಯ ದೊಡ್ಡ ಸೀರೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ನಡುವೆ ಹರಿದ ಸೀರೆಗಳನ್ನು ಸುಕ್ಕಿಲ್ಲದಂತೆ ಎಳೆದು ಹಾಸಿದರು. ಮಾವನವರ ಎರಡು ಧೋತರವೂ ಮೇಲಿನ ಪದರದ ತೇಪೆಗಳಾಗಿ ಸೇರಿದವು. ಉದ್ದನೆ ಸೂಜಿ, ಜೋಡಿ ದಾರ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ಒಳಗೆ ಬರುವುದು. ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರ. ದಾರ ನಾವೇ ತರಬೇಕು, ಚೌಕಿಪೇಟೆಯಲ್ಲಿ 320 ರೂಪಾಯಿಯ ದಾರ ತಂದೆ. ಬಿಳಿ ತಂದಿದ್ದಕ್ಕೆ ಬೈಸಿಕೊಂಡೆ. "ಕೆಂಪು ತರಬಾರದಾ? ಹೊಲಿಗೆ ಕಾಣಬೇಕಲ್ಲ!" ನಾನು ಹೊಲಿಗೆ ಕಾಣಬಾರದು ಅಂತ ಬಿಳಿ ತಂದಿದ್ದೆ.

ನಾಲ್ಕು ಗಂಟೆಗೆ ಕೆಲಸ ನಿಲ್ಲುತ್ತದೆ. ಖಾರ ಮಂಡಕ್ಕಿ, ಜೊತೆಗೆ ಬಿಸಿ ಮೆಣಸಿನಕಾಯಿ ಬಜ್ಜಿ. ನಮ್ಮೂರಲ್ಲಿ ಇದನ್ನು ಕೊಡದೆ ಯಾರಿಂದಲೂ ಕೆಲಸ ತೆಗೆಯಲಾಗುವುದಿಲ್ಲ. ಕೌದಿಗೆ ಎಣ್ಣೆ ಕೈ ತಾಗಬಾರದು ಅಂತ ಅವರು ಅಂಗಳಕ್ಕೆ ಹೋಗಿ ತಿಂದು, ಕೈ ತೊಳೆದು ಬರುತ್ತಿದ್ದರು.

ಕೊನೆಯ ದಿನ ಒಂದು ಮೂಲೆ ಬಿಟ್ಟು ಎಲ್ಲ ಮುಗಿದಿತ್ತು. ಅತ್ತೆ ಒಳಗಿಂದ ಉಗುರಿನಷ್ಟು ಜೋಳದ ರೊಟ್ಟಿ ಚೂರು ತಂದುಕೊಟ್ಟರು. ಅದನ್ನು ಆ ಮೂಲೆಯೊಳಗಿಟ್ಟು ಹೊಲಿದರು. ಕೌದಿಯ ಹೊಟ್ಟೆ ಹಸಿದಿರಬಾರದಂತೆ. ಇರುವೆ ಬರಲ್ವಾ ಅಂತ ಕೇಳಿದೆ. ಇಬ್ಬರೂ ನನ್ನನ್ನು ಹೇಗೆ ನೋಡಿದರೆಂದರೆ, ಎದ್ದು ಚಹಾ ಮಾಡಲು ಹೋದೆ. ಇರುವೆ ಇವತ್ತಿನವರೆಗೂ ಬಂದಿಲ್ಲ.

ಇನ್ನು ದೂರುಗಳು. ಇವೆ.

ಹತ್ತು ದಿನ ಎಂದವರು 23 ದಿನ ತೆಗೆದುಕೊಂಡರು. ಮದುವೆ ಸೀಜನ್, ನಡುವೆ ಅವರ ಊರಿನ ಜಾತ್ರೆ. "ಸೋಮವಾರ ಬರ್ತೀನಿ" ಅಂದರೆ ಯಾವ ಸೋಮವಾರ ಅಂತ ಕೇಳಿಕೊಳ್ಳಿ. ಅಷ್ಟು ದಿನ ಪಡಸಾಲೆಯ ಅರ್ಧ ಜಾಗ ಕೌದಿಯದ್ದೇ. ಮಗ ಅದರ ಮೇಲೆ ಹಾರುತ್ತಾ ಓಡಾಡಿದ.

ಎರಡನೆಯದು ಗಂಭೀರ. ಸಿಂಗಲ್ ಕೌದಿ ಕೈಗೆ ಬಂದ ದಿನ ಸವರಿ ನೋಡುತ್ತಿದ್ದಾಗ ಏನೋ ಚುಚ್ಚಿತು. ಮುರಿದ ಸೂಜಿಯ ತುದಿ. ಅವರಿಗೇ ಗೊತ್ತಾಗಿರಲಿಲ್ಲ. ತೋರಿಸಿದಾಗ ಮುಖ ಬಾಡಿತು, ಇಡೀ ಕೌದಿಯನ್ನು ಮತ್ತೊಮ್ಮೆ ಅಂಗೈಯಲ್ಲಿ ಒತ್ತಿ ಒತ್ತಿ ನೋಡಿ ಕೊಟ್ಟರು. ಆದರೂ ನೀವು ಹೊಲಿಸಿದರೆ ಮಕ್ಕಳಿಗೆ ಹೊದಿಸುವ ಮೊದಲು ಇಂಚಿಂಚೂ ಒತ್ತಿ ನೋಡಿ. ಮನೆಯಲ್ಲಿ ಆಯಸ್ಕಾಂತ ಇದ್ದರೆ ಅದನ್ನೂ ಆಡಿಸಿ.

ಮೂರನೆಯದರಲ್ಲಿ ತಪ್ಪು ನನ್ನದು. ಹೊಲಿಯುವ ಮೊದಲೇ ಕೆಂಪು ಸೀರೆಯನ್ನು ಬೇರೆಯಾಗಿ ನೆನೆಸಿ ಬಣ್ಣ ಬಿಡುತ್ತದೋ ನೋಡಿ ಎಂದಿದ್ದರು. ಎಷ್ಟು ವರ್ಷದ ಸೀರೆ, ಬಿಡುವ ಬಣ್ಣ ಬಿಟ್ಟಾಗಿದೆ ಎಂದು ಸುಮ್ನೆ ಬಿಟ್ಟೆ. ಮೊದಲ ಒಗೆತಕ್ಕೇ ಮಾವನವರ ಬಿಳಿ ಧೋತರದ ತೇಪೆಯೆಲ್ಲ ಗುಲಾಬಿ ಆಯಿತು. ಅತ್ತೆ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಒಗೆಯುವುದೂ ಸುಲಭವಲ್ಲ. ಸಿಂಗಲ್ ಕೌದಿ ಒಣಗಿದ್ದಾಗ 2 ಕೆಜಿ 300 ಗ್ರಾಂ ಇದೆ, ಕಿರಾಣಿ ಅಂಗಡಿಯಲ್ಲಿ ತೂಗಿಸಿದೆ. ನೆನೆದರೆ ಹಿಂಡಲು ಇಬ್ಬರು ಬೇಕು. ಡಬಲ್ ಅಂತೂ ನಮ್ಮ ಮಷಿನ್ನಿನೊಳಗೆ ಹೋಗುವುದೇ ಇಲ್ಲ. ತಾರಸಿ ಮೇಲೆ ಕಾಲಿನಿಂದ ತುಳಿದು ಒಗೆದೆವು. ಬೇಸಿಗೆಯಲ್ಲಾದರೆ ಒಂದೇ ದಿನಕ್ಕೆ ಒಣಗೀತು. ನಾನು ಜುಲೈನಲ್ಲಿ ಒಗೆದು, ಮೂರು ದಿನ ಫ್ಯಾನಿನ ಕೆಳಗೆ ಹಾಕಿ, ಮುಗ್ಗಲು ವಾಸನೆ ಹೋಗಲು ಮತ್ತೆ ಎರಡು ದಿನ ಬಿಸಿಲಿಗೆ ಕಾದೆ. ಮಳೆಗಾಲದಲ್ಲಿ ಒಗೆಯಲೇಬೇಡಿ.

ಕೂಲಿ ಸಿಂಗಲ್‌ಗೆ 900, ಡಬಲ್‌ಗೆ 1,500. ದಾರ ಸೇರಿ ಒಟ್ಟು 2,720 ರೂಪಾಯಿ. ಚೌಕಾಸಿ ಮಾಡಿದರೆ ಸ್ವಲ್ಪ ಇಳಿಸುತ್ತಾರೆ. ನಾನು ಮಾಡಲಿಲ್ಲ, ಎಷ್ಟು ಗಂಟೆ ಕೂತರೆಂದು ಕಣ್ಣಾರೆ ನೋಡಿದ್ದೆ. ತಮ್ಮ ಮಗನ ಮೊಬೈಲಿಗೆ ಫೋನ್‌ಪೇ ಮಾಡಿಸಿಕೊಳ್ಳುತ್ತಾರೆ, ಆದರೆ ನೋಟು ಕೊಟ್ಟರೆ ಮುಖ ಅರಳುತ್ತದೆ. ಇದಕ್ಕಿಂತ ಕಡಿಮೆಗೆ ಅಂಗಡಿಯಲ್ಲಿ ಮೆತ್ತನೆ ರಗ್ಗು ಸಿಗುತ್ತದೆ, ಸುಳ್ಳು ಹೇಳಲ್ಲ. ಬರೀ ಚಳಿಗೆ ಹೊದಿಕೆ ಬೇಕಿದ್ದರೆ ಅದನ್ನೇ ತೆಗೆದುಕೊಳ್ಳಿ. ಆದರೆ ರಗ್ಗು ಬಂದರೆ ಬೀರುವಿನಲ್ಲಿ ಇನ್ನೊಂದು ಸಾಮಾನು ಸೇರುತ್ತದೆ. ಇಲ್ಲಿ ಒಂಬತ್ತು ಸೀರೆ, ಎರಡು ಧೋತರ ಟ್ರಂಕಿನಿಂದ ಹೊರಬಂದು ಮಂಚದ ಮೇಲೆ ಹೋದವು. ಮನೆ ಬಿಟ್ಟು ಹೋಗಲಿಲ್ಲ ಅನ್ನುವ ಕಾರಣಕ್ಕೇ ಅತ್ತೆ ಒಪ್ಪಿದ್ದು. ಡಬ್ಬಿ ಮಾರುವವರು ಯಾರೂ ನನ್ನ ಅತ್ತೆಯನ್ನು ಒಪ್ಪಿಸುತ್ತಿರಲಿಲ್ಲ.

ಟೀಚರಾಗಿ ಅಂಕ ಕೊಡದಿದ್ದರೆ ನಿದ್ದೆ ಬರಲ್ಲ. ಹೊಲಿಗೆಗೆ 10ಕ್ಕೆ 9. ಬಟ್ಟೆ ಆರಿಸುವ ಕಣ್ಣಿಗೆ 10ಕ್ಕೆ 10. ಸಮಯಪಾಲನೆಗೆ 10ಕ್ಕೆ 3, ಅದೂ ಗ್ರೇಸ್ ಸೇರಿಸಿ. ಸೂಜಿ ತುದಿಗೆ ಒಟ್ಟಿನಲ್ಲಿ 2 ಕಳೆದಿದ್ದೇನೆ. 30ಕ್ಕೆ 20. ನನ್ನ ಕ್ಲಾಸಿನಲ್ಲಿ ಇದು ಒಳ್ಳೆ ಅಂಕವೇ.

ಬಿಡಿಸಿಟ್ಟ ಅಂಚುಗಳನ್ನು ಕೌದಿ ಅಕ್ಕ ವಾಪಸ್ ಕೊಟ್ಟಿದ್ದರು. ಒಂದು ಪುಟ್ಟ ಗಂಟು. ಎಸೆಯೋಣ ಎಂದರೆ ಅತ್ತೆ ಬಿಡಬೇಕಲ್ಲ. ಮೂರೆಳೆ ಜಡೆ ಹೆಣೆದು, ಜಡೆಯನ್ನು ಚಕ್ಕುಲಿಯ ಹಾಗೆ ಸುತ್ತುತ್ತಾ ಸೂಜಿಯಲ್ಲಿ ಕೂಡಿಸುತ್ತಾ ಹೋದರು. ಒಂದು ವಾರಕ್ಕೆ ಬಚ್ಚಲ ಬಾಗಿಲಿಗೊಂದು ದುಂಡನೆ ಕಾಲೊರೆಸು ಸಿದ್ಧ. ಮಧ್ಯಾಹ್ನ ಪೂರ್ತಿ ಟಿವಿ ಮುಂದೆ ಕೂರುತ್ತಿದ್ದವರು ಈಗ ಅಕ್ಕಪಕ್ಕದ ಮನೆಗಳಿಂದ ಹಳೆ ಅಂಚು ಕೇಳಿ ತರಿಸುತ್ತಿದ್ದಾರೆ. ಅಂದರೆ ನಮ್ಮ ಮನೆಗೆ ಮತ್ತೆ ಬಟ್ಟೆ ಬರಲು ಶುರುವಾಗಿದೆ. ಈ ಲೆಕ್ಕ ನಾನಿನ್ನೂ ಬಿಡಿಸಿಲ್ಲ.

ಬೀರು ಮಾತ್ರ ಈಗ ತೆಗೆದರೆ ತೆಗೆಯುತ್ತದೆ, ಮುಚ್ಚಿದರೆ ಮುಚ್ಚುತ್ತದೆ. ಶಾಲೆಗೆ ಹೊರಡುವಾಗ ಯಾವ ಸೀರೆ ಎಲ್ಲಿದೆ ಎಂದು ಹುಡುಕುವ ಕೆಲಸವಿಲ್ಲ. ಮೂರು ಟ್ರಂಕಿನಲ್ಲಿ ಎರಡನ್ನು ಗುಜರಿಗೆ ಹಾಕಿದೆ. ಮೂರನೆಯದು ಚೆನ್ನಾಗಿದೆ, ಇರಲಿ ಎಂದರು ನಮ್ಮ ಮನೆಯವರು. ಹೋದ ವಾರ ಕೌದಿ ಅಕ್ಕ ಪಕ್ಕದ ಮನೆಗೆ ಬಂದವರು ನಮ್ಮಲ್ಲೂ ಇಣುಕಿದರು. ಇನ್ನೇನಾದರೂ ಹಳೇದು ಇದೆಯಾ ಎಂದು ತಾವೇ ಟ್ರಂಕಿನ ಮುಚ್ಚಳ ಎತ್ತಿದರು. ಒಳಗೆ ಎರಡು ಕೆಟ್ಟ ಸೆಟ್‌ಟಾಪ್ ಬಾಕ್ಸು, ಏಳೆಂಟು ಚಾರ್ಜರು, ಸಿಕ್ಕು ಸಿಕ್ಕಾದ ಕೇಬಲ್ಲಿನ ಒಂದು ರಾಶಿ. ಒಂದು ವೈರನ್ನು ಬೆರಳ ನಡುವೆ ಉಜ್ಜಿ ನೋಡಿ, "ಇದು ಹೊಲಿಯಕ್ಕೆ ಬರಲ್ಲ ಬಿಡ್ರಿ" ಎಂದು ಮುಚ್ಚಳ ಹಾಕಿದರು.