ಬಣ್ಣಕ್ಕೆ ಯಾವ ಅಂಟು: ಮೊಟ್ಟೆಯ ಹಳದಿಯೋ, ಹಾಲಿನ ಕೇಸಿನ್ನೋ?

ಬಣ್ಣದ ಪುಡಿಯನ್ನು ನೀವೇ ಕಲಸಿ ಚಿತ್ರ ಬರೆಯಬೇಕು ಅಂತಿದ್ದರೆ ಮೊದಲು ಅಂಟು ಆರಿಸಿಕೊಳ್ಳಬೇಕು. ಸಣ್ಣ ಗೆರೆ, ನಿಧಾನದ ಕೆಲಸ ಇಷ್ಟವಾ? ಮೊಟ್ಟೆಯ ಹಳದಿ ತೆಗೆದುಕೊಳ್ಳಿ. ಹಳದಿಯ ಮೇಲಿನ ಪೊರೆ ಬಿಡಿಸಿ, ನೀರು ಮತ್ತು ಪುಡಿ ಸೇರಿಸಿದರೆ ಬಣ್ಣ ರೆಡಿ. ಇಟಲಿಯಲ್ಲಿ 15ನೇ ಶತಮಾನದಲ್ಲಿ ಎಣ್ಣೆ ಬಣ್ಣ ಹರಡುವ ತನಕ ಮರದ ಹಲಗೆಯ ಚಿತ್ರಗಳಿಗೆ ಇದೇ ಮುಖ್ಯ. ಆದರೆ ಹಚ್ಚಿದ ಕೂಡಲೇ ಒಣಗುತ್ತದೆ, ಹಸಿ ಬಣ್ಣಗಳನ್ನು ಒಂದರೊಳಗೊಂದು ಬೆರೆಸಲು ಆಗುವುದಿಲ್ಲ, ಗೆರೆ ಮೇಲೆ ಗೆರೆ ಎಳೆದೇ ನೆರಳು ತರಬೇಕು, ತಾಳ್ಮೆ ಇಲ್ಲದವರಿಗೆ ಇದು ಶಿಕ್ಷೆ. ಮೊಟ್ಟೆಯ ಹಳದಿ ಸೇರಿ ನೀಲಿ ಬಣ್ಣ ಹಸಿರಾಗುತ್ತದೆ ಅನ್ನೋ ಭಯ ಸುಮ್ನೆ. ಮೊಟ್ಟೆಯ ಆ ಹಳದಿ ಛಾಯೆ ಬೆಳಕಿಗೆ ಮಾಸಿಹೋಗುತ್ತದೆ.

ದೊಡ್ಡ ಜಾಗಕ್ಕೆ ಹೊಳಪಿಲ್ಲದ ಬಣ್ಣ ತುಂಬಬೇಕಾದರೆ ಕೇಸಿನ್, ಅಂದರೆ ಹಾಲಿನಲ್ಲಿರುವ ಪ್ರೋಟೀನ್, ವಾಸಿ. ಕೆನೆ ತೆಗೆದ ಹಾಲನ್ನು ಒಡೆಸಿ, ಬಂದ ಗಟ್ಟಿಯನ್ನು ಚೆನ್ನಾಗಿ ತೊಳೆದು, ಸುಣ್ಣ ಇಲ್ಲವೇ ಬೋರಾಕ್ಸ್ (ಬಿಳಿಗಾರ) ಹಾಕಿ ಕರಗಿಸಬೇಕು. ಸ್ವಲ್ಪ ರಗಳೆ ಜಾಸ್ತಿ. ಕುಂಚವನ್ನು ತಕ್ಷಣ ತೊಳೆಯಿರಿ, ಒಣಗಿದರೆ ಅದು ಕಸದ ಬುಟ್ಟಿಗೇ.

ಎರಡೂ ಬೇಗ ಕೆಡುತ್ತವೆ, ಅಂದಂದಿಗೆ ಬೇಕಾದಷ್ಟೇ ಮಾಡಿ. ಎರಡಕ್ಕೂ ಗಟ್ಟಿ ಹಲಗೆಯೇ ಸರಿ, ಬಾಗುವ ಬಟ್ಟೆ ಮೇಲೆ ಬಿರುಕು ಬಿಡಬಹುದು, ಅದರಲ್ಲೂ ಕೇಸಿನ್ ದಪ್ಪವಾಗಿ ಹಚ್ಚಿದರೆ.