ಮಂಡಿ ಲೆಕ್ಕಕ್ಕೆ ಲಿನಕ್ಸ್ ಟರ್ಮಿನಲ್: ಎರಡು ಸೀಸನ್ ಬಳಕೆಯ ನಂತರ

ಕೋಲಾರದ ಟೊಮೆಟೊ ಮಂಡಿಯ ದಿನದ ಲೆಕ್ಕಕ್ಕೆ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಕಿಟಕಿಯಲ್ಲಿ, ಬೇಕಾಗುವುದು ಆರೇಳು ಕಮಾಂಡ್, ಅಷ್ಟೇ. 2 ಜಿಬಿ ರ‍್ಯಾಮ್‌ನ ಹಳೇ ಕಂಪ್ಯೂಟರಿನಲ್ಲಿ ಸ್ಪ್ರೆಡ್‌ಶೀಟ್ ತೆರೆದುಕೊಳ್ಳುವಷ್ಟರಲ್ಲಿ ಇಲ್ಲಿ ಮೊತ್ತವೇ ಕೈಗೆ ಬಂದಿರುತ್ತದೆ. ದುಡ್ಡಿನ ಖರ್ಚೂ ಇಲ್ಲ.

ದಿನಕ್ಕೊಂದು ಫೈಲ್ ಇಡಿ. ಹೆಸರಿನಲ್ಲಿ ವರ್ಷ, ತಿಂಗಳು, ದಿನ ಇದೇ ಕ್ರಮದಲ್ಲಿರಲಿ: 2025-07-04. ಸೊನ್ನೆ ಬಿಡಬೇಡಿ, ಆಗ ಫೈಲ್‌ಗಳ ಪಟ್ಟಿ ತೋರಿಸುವ ಕಮಾಂಡ್ (ls) ಎಲ್‌ಎಸ್ ಕೊಟ್ಟರೆ ದಿನಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಒಳಗೆ ಒಂದು ಲಾಟಿಗೆ ಒಂದು ಸಾಲು: ರೈತರ ಹೆಸರು, ಊರು, ತಾಲ್ಲೂಕು, ಬಾಕ್ಸ್, ದರ. ನಡುವೆ ಅಲ್ಪವಿರಾಮ ಮಾತ್ರ, ಜಾಗ ಬೇಡ. ಜುಲೈನಲ್ಲಿ ಮುಳಬಾಗಿಲಿನಿಂದ ಎಷ್ಟು ಬಾಕ್ಸ್ ಬಂತು? ಪದ ಇರುವ ಸಾಲುಗಳನ್ನು ಹೆಕ್ಕುವ ಗ್ರೆಪ್ (grep) ಬಳಸಿ, ‘ಗ್ರೆಪ್ ಮುಳಬಾಗಿಲು’ ಎಂದು ಹೊಡೆದು, ಮುಂದೆ 2025-07 ಮತ್ತು ನಕ್ಷತ್ರ ಚಿಹ್ನೆ, ಆಮೇಲೆ ಸಿಕ್ಕ ಸಾಲುಗಳನ್ನು ಮುಂದಿನ ಕಮಾಂಡಿಗೆ ದಾಟಿಸುವ ಪೈಪ್ ಗೆರೆ (|), ಕೊನೆಗೆ ಅಲ್ಪವಿರಾಮವೇ ಕಾಲಂಗಳ ಗಡಿ ಎಂದು ಹೇಳಿ ನಾಲ್ಕನೇ ಕಾಲಂ ಕೂಡಿಸಲು ‘ಆಕ್’ (awk). 15 ಕೆಜಿ ಬಾಕ್ಸ್ ಆದರೆ ಅಲ್ಲೇ 15ರಿಂದ ಗುಣಿಸಿ, ತೂಕವೂ ಸಿಕ್ಕಿತು. ಮರುದಿನ ಇಷ್ಟನ್ನೂ ಮತ್ತೆ ಹೊಡೆಯಬೇಕಿಲ್ಲ. ಕಂಟ್ರೋಲ್ ಹಿಡಿದು ಆರ್ ಒತ್ತಿ, ‘ಮುಳ’ ಎಂದರೆ ನಿನ್ನೆಯ ಸಾಲು ಹಾಗೇ ಎದ್ದು ಬರುತ್ತದೆ. ಟರ್ಮಿನಲ್ ಮೇಲೆ ಪ್ರೀತಿ ಹುಟ್ಟುವುದು ಇಲ್ಲೇ.

ಬೇಸರ ತರಿಸುವುದು ಕನ್ನಡದ ವಿಷಯ. ಬಹಳಷ್ಟು ಟರ್ಮಿನಲ್‌ಗಳು ಅಕ್ಷರಕ್ಕೆ ಇಷ್ಟೇ ಅಗಲ ಎಂದು ಮನೆ ಕಟ್ಟಿಟ್ಟಿರುತ್ತವೆ, ಒತ್ತಕ್ಷರ ಅದರಲ್ಲಿ ಹಿಡಿಸದೆ ಒಡೆದು ಕೂರುತ್ತದೆ. ‘ಕಾನ್ಸೋಲ್’ (Konsole) ಎಂಬ ಟರ್ಮಿನಲ್ ಪ್ರೋಗ್ರಾಂನಲ್ಲಿ ಸ್ವಲ್ಪ ವಾಸಿ. ಇದಾದರೂ ಕಣ್ಣಿಗೆ ಕಾಣುವ ತೊಂದರೆ. ಕಾಣದ್ದು ಇನ್ನೊಂದಿದೆ. ಒಬ್ಬರು ‘ಶ್ರೀನಿವಾಸಪುರ’ ಎಂದು, ಇನ್ನೊಬ್ಬರು ‘ಶ್ರೀನಿವಾಸ್‌ಪುರ’ ಎಂದು ಟೈಪ್ ಮಾಡಿರುತ್ತಾರೆ. ಎರಡನೆಯದರಲ್ಲಿ ಸಕಾರಕ್ಕೆ ಪಕಾರ ಒತ್ತಾಗದಂತೆ ತಡೆಯುವ ಅದೃಶ್ಯ ಅಕ್ಷರವೊಂದು ಒಳಗಿರುತ್ತದೆ. ಗ್ರೆಪ್‌ಗೆ ಇವೆರಡೂ ಬೇರೆ ಬೇರೆ ಊರು. ಹಾಗಂತ ಬರೀ ‘ಶ್ರೀನಿವಾಸ’ ಎಂದು ಹುಡುಕಿದರೆ ಆ ಹೆಸರಿನ ರೈತರೆಲ್ಲ ಲೆಕ್ಕದೊಳಗೆ ಬಂದುಬಿಡುತ್ತಾರೆ. ಪದದ ಮೊದಲಿಗೆ ಅಲ್ಪವಿರಾಮ ಸೇರಿಸಿ ಹುಡುಕಿ. ರೈತರ ಹೆಸರು ಸಾಲಿನ ಮೊದಲಿಗೇ ಇರುವುದರಿಂದ ಹೊರಗುಳಿಯುತ್ತದೆ, ಎರಡು ರೂಪಗಳೂ ಸಿಗುತ್ತವೆ. ಯೂನಿಕೋಡ್ ಅಲ್ಲದ ಹಳೇ ನುಡಿ ಫೈಲ್‌ಗಳಲ್ಲಿ ಏನೂ ಸಿಗದು, ಮೊದಲು ಪರಿವರ್ತಿಸಲೇಬೇಕು.

ಫೈಲಿನ ಜಾಗ ಅಥವಾ ಹೆಸರು ಬದಲಿಸುವ ಎಂವಿ (mv), ನಕಲು ಮಾಡುವ ಸಿಪಿ (cp) ಅದೇ ಹೆಸರಿನ ಹಳೇ ಫೈಲ್ ಮೇಲೆ ಕೇಳದೆ ಬರೆಯುತ್ತವೆ. ಆರ್‌ಎಂ ಅಳಿಸಿದ್ದು ಕಸದ ಬುಟ್ಟಿಗೂ ಹೋಗದು. ಮೂರಕ್ಕೂ ‘ಮೈನಸ್ ಐ’ (-i) ಸೇರಿಸಿ, ಕೇಳಿ ಮುಂದುವರಿಯುತ್ತವೆ.

ಆಕ್ ಮಾತ್ರ ಏನೂ ಕೇಳುವುದಿಲ್ಲ. ಬಾಕ್ಸ್ ಕಾಲಂನಲ್ಲಿ ಯಾರಾದರೂ ೪೦ ಎಂದು ಕನ್ನಡ ಅಂಕಿ ಹಾಕಿದ್ದರೆ ಅದನ್ನು ಸೊನ್ನೆ ಎಂದೇ ಕೂಡುತ್ತದೆ, ಎರರ್ ತೋರಿಸದು. 1,250 ಎಂದು ಬರೆದರೆ ಒಂದೇ ಬಾಕ್ಸ್ ಆಗುತ್ತದೆ. ರೈತರಿಗೆ ಚೀಟಿ ಬರೆಯುವ ಮೊದಲು ಕನ್ನಡ ಅಂಕಿ ಹುಡುಕಲು ಗ್ರೆಪ್‌ಗೆ ಚೌಕ ಕಂಸದೊಳಗೆ ೦-೯ ಕೊಟ್ಟು ಒಮ್ಮೆ ಓಡಿಸಿ. ಒಂದು ಸಾಲು ಬಂದರೂ ಆ ಮೊತ್ತ ಕೊಡಬೇಡಿ.