ಗೇರ್ ಬಾಕ್ಸ್ ಸೀಲ್ ಬದಲಿಸಿದರೂ ಸೋರಿಕೆ ನಿಲ್ಲದಿದ್ದರೆ ಬ್ರೀದರ್ ನೋಡಿಸಿ

ಬಳ್ಳಾರಿ, ತೋರಣಗಲ್ಲು, ಸಂಡೂರು ಭಾಗದ ಅದಿರಿನ ಧೂಳಿನಲ್ಲಿ ಕಾರು ಓಡಿಸುವವರು ಇದನ್ನು ಗಮನಿಸಬೇಕೆಂದು ಬರೆಯುತ್ತಿದ್ದೇನೆ. ಗೇರ್ ಬಾಕ್ಸಿನಿಂದ ಚಕ್ರಕ್ಕೆ ಚಾಲನೆ ಒಯ್ಯುವ ಡ್ರೈವ್ ಶಾಫ್ಟಿನ ಆಯಿಲ್ ಸೀಲ್ (ಎಣ್ಣೆ ತಡೆಯುವ ರಬ್ಬರ್ ಬಳೆ) ಬದಲಿಸಿದ ಮೇಲೂ ಗೇರ್ ಆಯಿಲ್ ಸೋರುತ್ತಿದ್ದರೆ, ಬ್ರೀದರ್, ಅಂದರೆ ಗೇರ್ ಬಾಕ್ಸಿನೊಳಗಿನ ಗಾಳಿ ಆಡುವ ಕಿಂಡಿ, ಪರೀಕ್ಷಿಸುವವರೆಗೂ ಮುಂದಿನ ಯಾವ ರಿಪೇರಿಗೂ ಒಪ್ಪಿಗೆ ಕೊಡಬೇಡಿ. ನಗರದ ಒಂದು ಗ್ಯಾರೇಜಿನವರು ನನ್ನಿಂದ ಸೀಲುಗಳಿಗೆ ಮತ್ತೆ ಮತ್ತೆ ಹಣ ಪಡೆದು, ಕೊನೆಗೆ ಗೇರ್ ಬಾಕ್ಸ್ ಇಳಿಸಿ ಬಿಚ್ಚಲು ಎಸ್ಟಿಮೇಟ್ ಬರೆದುಕೊಟ್ಟರು. ದೋಷವಿದ್ದದ್ದು ಬಾಕ್ಸಿನ ನೆತ್ತಿಯ ಮೇಲಿನ, ಬೆರಳ ತುದಿಯಷ್ಟಿರುವ ಆ ಬ್ರೀದರಿನ ಮುಚ್ಚಳದಲ್ಲಿ.

ನನ್ನದು ಮುಂದಿನ ಚಕ್ರಗಳಿಗೆ ಚಾಲನೆಯಿರುವ ಮ್ಯಾನುವಲ್ ಗೇರಿನ ಡೀಸೆಲ್ ಕಾರು. ಎಡಗಡೆಯ ಮುಂದಿನ ಚಕ್ರದ ಒಳಬದಿಯಲ್ಲಿ ಜಿಡ್ಡು ಕಾಣಿಸಿಕೊಂಡಿತು. ಗಂಧಕದ ಘಾಟು ಇದ್ದುದರಿಂದ ಅದು ಎಂಜಿನ್ ಆಯಿಲ್ ಅಲ್ಲ, ಗೇರ್ ಆಯಿಲ್ ಎಂಬುದರಲ್ಲಿ ಅನುಮಾನವಿರಲಿಲ್ಲ. ಗ್ಯಾರೇಜಿನವರು ಸೀಲ್ ಬದಲಿಸಿದರು. ಕೆಲವು ವಾರಗಳಲ್ಲಿ ಅದೇ ಜಾಗ ಮತ್ತೆ ಒದ್ದೆಯಾಯಿತು. "ಸೀಲ್ ಡೂಪ್ಲಿಕೇಟ್ ಬಂದಿರಬೇಕು ಸರ್" ಎಂದು ಇನ್ನೊಂದನ್ನು ಹಾಕಿದರು. ಅಷ್ಟರಲ್ಲಿ ಬಲಗಡೆಯ ಸೀಲ್ ಕೂಡ ಜಿನುಗತೊಡಗಿತು. ಗೇರ್ ಕೇಬಲ್ ಜೋಡಿಸುವ ಶಾಫ್ಟಿನ ಬುಡದಲ್ಲೂ ಎಣ್ಣೆ ಕಂಡಿತು. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸೀಲುಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಸೋರುವಾಗ, ಮೂರಕ್ಕೂ ಸಮಾನವಾದ ಕಾರಣವೊಂದು ಇರಬೇಕೆಂದು ಯೋಚಿಸುವುದು ಆ ವೃತ್ತಿಯವರಿಗೆ ಕಷ್ಟವಲ್ಲ. ಅವರು ಹೇಳಿದ್ದು ಮಾತ್ರ ಬೇರಿಂಗ್ ಸವೆದು ಶಾಫ್ಟ್ ಅಲುಗುತ್ತಿದೆ ಎಂದು. ಬೇರಿಂಗ್ ಸವೆದರೂ ಸೀಲ್ ಹಾಳಾಗುತ್ತದೆ ಎಂಬುದು ನಿಜವೇ. ಆದರೆ ಬಾಕ್ಸ್ ಇಳಿಸುವ ಮೊದಲು, ಹತ್ತು ನಿಮಿಷವೂ ಹಿಡಿಯದ ಪರೀಕ್ಷೆಯೊಂದನ್ನು ಮಾಡದೇ ಬಿಟ್ಟದ್ದು ನನ್ನ ತಕರಾರು.

ಆ ಪರೀಕ್ಷೆ ಮಾಡಿದವರು ಕೌಲ್ ಬಜಾರಿನ ಹಿರಿಯ ಮೆಕ್ಯಾನಿಕ್ ಒಬ್ಬರು. ಕಾರನ್ನು ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ ತಂದು, ಆಯಿಲ್ ಹಾಕುವ ಫಿಲ್ಲರ್ ಬೋಲ್ಟಿಗೆ ದಪ್ಪ ಬಟ್ಟೆ ಹಿಡಿದು ನಿಧಾನವಾಗಿ ಸಡಿಲಿಸಿದರು. ಬಿಸಿ ಎಣ್ಣೆ ಚಿಮ್ಮುವ ಸಾಧ್ಯತೆ ಇರುವುದರಿಂದ ಅನುಭವವಿಲ್ಲದವರು ಇದಕ್ಕೆ ಕೈಹಾಕಬಾರದು. ಬೋಲ್ಟ್ ಸಡಿಲವಾಗುತ್ತಿದ್ದಂತೆ ಸುಸ್ಸೆಂದು ಗಾಳಿ ಹೊರಬಂತು. ಬ್ರೀದರ್ ಸರಿಯಿರುವ ಬಾಕ್ಸಿನಲ್ಲಿ ಈ ಸದ್ದು ಬರಬಾರದು. ಬಳಿಕ ಬ್ಯಾಟರಿಯನ್ನೂ ಅದರ ಟ್ರೇಯನ್ನೂ ತೆಗೆದಾಗ ಬ್ರೀದರ್ ಕಾಣಿಸಿತು. ಬೆರಳಿನಿಂದ ಸುಲಭವಾಗಿ ತಿರುಗಬೇಕಾದ ಅದರ ಮುಚ್ಚಳದ ಸುತ್ತ ಕೆಂಪು ಮಿಶ್ರಿತ ಕಪ್ಪು ಕೆಸರು ಒಣಗಿ, ಇಕ್ಕಳ ಹಾಕಿದರೂ ಅಲುಗದಂತೆ ಕಚ್ಚಿಕೊಂಡಿತ್ತು. "ಗಾಳಿ ಹೋಗೋ ದಾರೀನೇ ಬಂದ್ ಆಗೈತೆ ಸರ್, ಸೀಲ್ ಪಾಪ ಏನ್ ಮಾಡ್ಬೇಕು?" ಎಂದರು.

ಗೇರ್ ಬಾಕ್ಸ್ ಪೂರ್ತಿ ಎಣ್ಣೆಯಿಂದ ತುಂಬಿರುವುದಿಲ್ಲ. ಮೇಲ್ಭಾಗದಲ್ಲಿ ಗಾಳಿ ಇರುತ್ತದೆ. 30 ಡಿಗ್ರಿಯಲ್ಲಿರುವ ಗಾಳಿ ಹೊರಹೋಗಲು ದಾರಿಯಿಲ್ಲದೆ 90 ಡಿಗ್ರಿಗೆ ಬಿಸಿಯಾದರೆ ಅದರ ಒತ್ತಡ ಸುಮಾರು ಐದನೇ ಒಂದು ಭಾಗದಷ್ಟು ಏರುತ್ತದೆ. ಸೀಲಿನ ತೆಳ್ಳನೆಯ ರಬ್ಬರ್ ಅಂಚು ಇರುವುದು ಎಣ್ಣೆಯನ್ನು ತಡೆಯಲಿಕ್ಕೆ, ಒಳಗಿನ ಒತ್ತಡವನ್ನು ಹಿಡಿದಿಡಲಿಕ್ಕಲ್ಲ. ಬಾಕ್ಸ್ ತಣ್ಣಗಾಗುವಾಗ ಇದರ ವಿರುದ್ಧ ನಡೆಯುತ್ತದೆ: ಒಳಗೆ ಎಳೆತ ಉಂಟಾಗಿ, ಮಳೆಗಾಲದಲ್ಲಿ ನಿಂತ ನೀರಿನಲ್ಲಿ ಹಾದುಬಂದ ಕಾರಾದರೆ ಸೀಲಿನ ಸಂದಿಯಿಂದ ನೀರನ್ನೂ ಹೀರಿಕೊಳ್ಳಬಹುದು. ತೆಗೆದ ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದೇ ಅರ್ಥ.

ಶುಚಿಗೊಳಿಸುವಾಗ ಕಂಪ್ರೆಸರಿನ ಗಾಳಿಯನ್ನು ಬ್ರೀದರಿನೊಳಕ್ಕೆ ನೇರವಾಗಿ ಬಿಡಲು ಯಾರಿಗೂ ಅವಕಾಶ ಕೊಡಬೇಡಿ. ಕೆಸರು ಬಾಕ್ಸಿನ ಒಳಗೇ ಬೀಳುತ್ತದೆ, ಸೀಲಿಗೂ ಪೆಟ್ಟಾಗುತ್ತದೆ. ಮೊದಲು ಸುತ್ತಲಿನ ಕೊಳೆಯನ್ನು ಬ್ರಷ್ಷಿನಿಂದ ತೆಗೆದು, ಬ್ರೀದರನ್ನು ಹೊರತೆಗೆದು, ರಂಧ್ರಕ್ಕೆ ಶುಭ್ರ ಬಟ್ಟೆ ಮುಚ್ಚಿ, ಹೊರಗಡೆಯೇ ತೊಳೆದು ಊದಿ ನೋಡಬೇಕು. ಕೆಲವು ಕಾರುಗಳಲ್ಲಿ ಮುಚ್ಚಳದ ಬದಲು ರಬ್ಬರ್ ಪೈಪ್ ಇರುತ್ತದೆ. ಅದು ಮಡಚಿಕೊಂಡಿದ್ದರೂ ಇದೇ ತೊಂದರೆ. ಧೂಳು ಹೋಗದಿರಲೆಂದು ಎಂ-ಸೀಲ್ ಅಂಟು ಮೆತ್ತಿ ಬ್ರೀದರ್ ಮುಚ್ಚುವ ಬುದ್ಧಿವಂತರೂ ಇದ್ದಾರೆ, ಅವರಿಂದ ದೂರವಿರಿ. ಎಂಜಿನ್ ಭಾಗಕ್ಕೆ ಪ್ರೆಷರ್ ವಾಶ್ ಮಾಡಿಸುವಾಗ ನೀರಿನ ಧಾರೆ ಅತ್ತ ನೇರವಾಗಿ ಬೀಳದಂತೆ ಹೇಳಿ.

ಬ್ರೀದರ್ ಸರಿಯಿದ್ದರೂ ಎಣ್ಣೆ ಹೆಚ್ಚಾದರೆ ಅಲ್ಲಿಂದಲೇ ಹೊರಬರುತ್ತದೆ. ಅನೇಕ ಕಾರುಗಳಲ್ಲಿ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿದಾಗ ಎಣ್ಣೆ ಫಿಲ್ಲರ್ ರಂಧ್ರದ ಕೆಳ ಅಂಚಿನವರೆಗೆ ಇದ್ದರೆ ಸಾಕು. ಮ್ಯಾನುವಲ್ ಪುಸ್ತಕದಲ್ಲಿ ಗೇರ್ ಆಯಿಲಿನ ದರ್ಜೆ ಜಿಎಲ್-4 ಎಂದಿದ್ದರೆ, ಅಂಗಡಿಯಲ್ಲಿ ಸಿಕ್ಕ ಜಿಎಲ್-5 ಹಾಕಿಸಬೇಡಿ.

ನನ್ನ ಕಾರಿಗೆ ಬ್ರೀದರ್ ಶುಚಿಯಾದ ಮೇಲೆ ಮತ್ತೊಮ್ಮೆ ಸೀಲುಗಳನ್ನು ಹಾಕಿಸಬೇಕಾಯಿತು, ಏಕೆಂದರೆ ಒತ್ತಡದಿಂದ ಅವುಗಳ ಅಂಚು ಆಗಲೇ ಹಿಗ್ಗಿತ್ತು. ಅಲ್ಲಿಂದೀಚೆಗೆ ಸೋರಿಕೆಯಿಲ್ಲ. ಎಂಜಿನ್ ಕಡೆಯ ಇನ್‌ಪುಟ್ ಶಾಫ್ಟ್ ಸೀಲ್ ಉಳಿದುಕೊಂಡಿತ್ತು. ಅದೂ ಸೋರಿದ್ದರೆ ಎಣ್ಣೆ ಕ್ಲಚ್ ಪ್ಲೇಟಿಗೆ ತಾಗಿ, ಬಾಕ್ಸ್ ಇಳಿಸುವುದು ಆಗ ನಿಜವಾಗಿಯೂ ಅನಿವಾರ್ಯವಾಗುತ್ತಿತ್ತು. ಏರಿನಲ್ಲಿ ಎಂಜಿನ್ ಸದ್ದು ಏರಿದರೂ ಕಾರು ವೇಗ ಹಿಡಿಯದೆ ಸುಟ್ಟ ವಾಸನೆ ಬರುತ್ತಿದ್ದರೆ, ಬ್ರೀದರಿನ ಜೊತೆಗೆ ಕ್ಲಚ್ಚನ್ನೂ ನೋಡಿಸಿ.